ರಾಕೆಟ್ಟಿನಿಂದ ಇಳಿಸಿದ ಹೆಂಗಸು

ಇದನ್ನು ಹೇಳದೆ ಎಷ್ಟೋ ವರ್ಷ ತಳ್ಳಿಕೊಂಡು ಬಂದೆ. ಕೇಳಬೇಕಾದವರು ಎದುರಿಗಿದ್ದಾಗ ಬಾಯಿ ಬರಲಿಲ್ಲ. ಈಗ ಮಂಡಿ ನೋವು, ಮಧ್ಯಾಹ್ನ ಮಲಗಿದರೆ ನಿದ್ದೆಯೂ ಇಲ್ಲ. ಬರೆದು ಮುಗಿಸೋಣ ಅನ್ನಿಸಿದೆ.

ಎಪ್ಪತ್ತರ ದಶಕದ ಶುರು. ನಮ್ಮ ಮನೆ ಗುಬ್ಬಿಯಲ್ಲಿ. ಅಮ್ಮ ತೀರಿಕೊಂಡ ಮೇಲೆ ಅಪ್ಪ ಕುಣಿಗಲ್ ಕಡೆಯವರೊಬ್ಬರನ್ನು ಮದುವೆಯಾಗಿ ಕರೆತಂದರು. ನಾನು ಹೈಸ್ಕೂಲಿನಲ್ಲಿದ್ದೆ. ಅಪ್ಪನ ಎರಡನೇ ಹೆಂಡತಿಯನ್ನು ನಾನು ಏನೆಂದೂ ಕರೆಯುತ್ತಿರಲಿಲ್ಲ. ಊಟ ಬೇಕಾದರೆ ತಟ್ಟೆ ಸದ್ದು ಮಾಡುತ್ತಿದ್ದೆ.

ಒಮ್ಮೆ ಅವರು ತವರಿಗೆ ಹೋಗಿ ಬರುವಾಗ, ತುಮಕೂರಿನಲ್ಲಿ ಬಸ್ಸು ಬದಲಾಯಿಸಬೇಕಲ್ಲ, ಅಲ್ಲಿ ನೆಲದ ಮೇಲೆ ಹಳೇ ಪುಸ್ತಕ ಹರಡಿಕೊಂಡು ಕೂತಿದ್ದವನ ಹತ್ತಿರ ಒಂದು ಇಂಗ್ಲಿಷ್ ಕಾಮಿಕ್ಸ್ ಕೊಂಡು ತಂದರು. ಪಿನ್ನು ತುಕ್ಕು ಹಿಡಿದಿತ್ತು. ಮುಖಪುಟದಲ್ಲಿ ಕೆಂಪು ಮರಳಿನಲ್ಲಿ ಅರ್ಧ ಹೂತ ರಾಕೆಟ್ಟು, ತಲೆಗೆ ಗಾಜಿನ ಬುರುಡೆ ಹಾಕಿಕೊಂಡ ನಾಲ್ಕು ಗಂಡಸರು, ಒಬ್ಬ ಹೆಂಗಸು.

"ಇಂಗ್ಲಿಷ್ ಕಲಿಯಕ್ಕಾಯ್ತದೆ ಅಂತ ತಂದೆ ಕಣಪ್ಪ. ಅದೇನು, ಎಲ್ಲಾ ತಲೆಗೆ ಮಡಕೆ ಬೋರಲಾಕ್ಕೊಂಡವ್ರೆ?"

ಅವರಿಗೆ ಓದು ಬರುತ್ತಿರಲಿಲ್ಲ. ಅವರೆಕಾಯಿ ಕಾಲ. ಸಂಜೆ ನೆನೆದ ಅವರೆಕಾಳಿನ ಬೋಗುಣಿ ಮುಂದಿಟ್ಟುಕೊಂಡು, ಒಂದೊಂದೇ ಕಾಳು ಹಿತಕುತ್ತಾ ಕೇಳುವರು: "ಮುಂದಕ್ಕೇನಾಯ್ತು, ಓದು." ನಾನು ಚಿತ್ರ ತೋರಿಸಿ ಕನ್ನಡದಲ್ಲಿ ಹೇಳುತ್ತಿದ್ದೆ. ಯಾರೂ ಕಾಣದ ಗ್ರಹ, ಕೆಟ್ಟು ನಿಂತ ರಾಕೆಟ್ಟು, ಮುಗಿಯುತ್ತಾ ಬಂದ ನೀರು. ನೀರು ಅಂದಾಗ ಅವರ ಕೈ ನಿಲ್ಲುತ್ತಿತ್ತು. ಸಿಪ್ಪೆಯಿಂದ ಜಾರಿದ ಬೇಳೆ ಕೆಲವು ಸಲ ಪುಸ್ತಕದ ಮೇಲೇ ಬಂದು ಬೀಳುವುದು, ಇಬ್ಬರೂ ನಗುವೆವು. ನಕ್ಕ ಮೇಲೆ ನನಗೆ ಸಂಕಟ. ಆ ಬೋಗುಣಿ ಅಮ್ಮನದು.

ಕಥೆಯ ಕೊನೆಯಲ್ಲಿ ಆ ಹೆಂಗಸೇ ರೇಡಿಯೋ ರಿಪೇರಿ ಮಾಡುತ್ತಾಳೆ. ಇನ್ನೊಂದು ರಾಕೆಟ್ಟು ಬಂದು ಎಲ್ಲರನ್ನೂ ಕರೆದೊಯ್ಯುತ್ತದೆ. ನನಗದು ಅರ್ಥವಾಗಿತ್ತು. ಆದರೆ ಅವತ್ತು ಬೇರೆ ಹೇಳಿದೆ.

"ಭಾರ ಜಾಸ್ತಿಯಾಗಿ ರಾಕೆಟ್ ಮೇಲೇಳ್ತಿಲ್ಲ. ಒಬ್ಬರು ಇಳೀಬೇಕು."

"ಅಯ್ಯೋ, ಯಾರ್ನ ಇಳ್ಸಿದ್ರು?"

"ಆ ಹೆಂಗಸನ್ನ. ಕೊನೇಲಿ ಬಂದು ಸೇರ್ಕೊಂಡೋಳು ಅವಳೇ. ಅವಳು ಬಂದ ಮೇಲೇ ಎಲ್ಲಾ ಕೆಟ್ಟಿದ್ದು."

ಅವರು ಸ್ವಲ್ಪ ಹೊತ್ತು ಕಾಳು ಹಿತಕುತ್ತಲೇ ಇದ್ದರು. ಆಮೇಲೆ, "ಅವಳ್ಗೆ ಉಣ್ಣಕ್ಕೆ ಏನಾರ ಬುಟ್ಟೋದ್ರಾ?"

"ಇಲ್ಲ."

"ಹೋಗ್ಲಿ ಬುಡು. ಆ ಗಂಡಸ್ರಿಗೆ ಇನ್ಮೇಲೆ ಬೇಯ್ಸಾಕೋರು ಯಾರು?" ಎಂದು ನಕ್ಕರು. ಈ ಸಲ ನಾನು ನಗಲಿಲ್ಲ.

ಸಂಕ್ರಾಂತಿಗೆ ತವರಿಗೆಂದು ಹೋದವರು ವಾಪಸು ಬರಲಿಲ್ಲ. ಅಪ್ಪ ಕೊಬ್ಬರಿ ಮಂಡಿಯಲ್ಲಿ ದಿನವೆಲ್ಲ ದುಡಿದು ಬಂದು ತಾವೇ ಮುದ್ದೆ ತೊಳಸುತ್ತಿದ್ದರು. ಮುರಿದರೆ ಒಳಗೆ ಹಸಿ ಹಿಟ್ಟಿನ ಗಂಟು. ಕೊನೆಗೆ ಕುಣಿಗಲ್‌ಗೆ ಹೋದರು, ಒಬ್ಬರೇ ಹಿಂದಿರುಗಿದರು. ಚಪ್ಪಲಿಯನ್ನೂ ಬಿಚ್ಚದೆ ಜಗಲಿಯ ಮೇಲೆ ಕೂತು ಕೇಳಿದರು.

"ಆ ಮನೆಗೆ ತಾನು ಭಾರ ಅಂತಾಳೆ. ನೀನೇನಾದ್ರೂ ಅಂದ್ಯೇನ್ಲಾ?"

"ನಾನೇನೂ ಅಂದಿಲ್ಲಪ್ಪ."

ಅಂದಿದ್ದೆಲ್ಲ ಪುಸ್ತಕದ ಹೆಸರಿನಲ್ಲಿ. ಅಪ್ಪ ಸುಮ್ಮನೆ ತಲೆಯಾಡಿಸಿದರು. ಚಪ್ಪಲಿ ಬಿಚ್ಚಿಟ್ಟು ಮುದ್ದೆಗೆ ಎಸರಿಡಲು ಒಳಗೆ ಹೋದರು.

ಯುಗಾದಿಗೆ ಅವರು ತವರಿನಿಂದ ತಾವಾಗಿಯೇ ಬಂದರು. ಮತ್ತೆ ಎಂದೂ ಕಥೆ ಓದು ಅನ್ನಲಿಲ್ಲ. ಕಾಮಿಕ್ಸನ್ನು ಒಲೆಗೂ ಹಾಕಲಿಲ್ಲ. ತಮ್ಮ ಟ್ರಂಕಿನ ತಳದಲ್ಲಿ, ಸೀರೆಗಳ ಕೆಳಗೆ ಹಾಸಿದರು.

ಎಂಬತ್ತರ ದಶಕದಲ್ಲಿ ನಾನು ತುಮಕೂರಿನ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಅಪ್ಪ ಹೋದ ಮೇಲೆ ಅವರು ಟ್ರಂಕಿನೊಡನೆ ನಮ್ಮ ಬಾಡಿಗೆ ಮನೆಗೆ ಬಂದರು. ಕಾನ್ವೆಂಟಿಗೆ ಹೋಗುತ್ತಿದ್ದ ನನ್ನ ಮಗಳು ಒಂದು ಭಾನುವಾರ ಆ ಪುಸ್ತಕ ಎಳೆದುಕೊಂಡು ಅಜ್ಜಿಯ ಪಕ್ಕ ಕೂತಳು. ನಾನು ಬಾಗಿಲಲ್ಲೇ ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದೆ.

"ಅಜ್ಜಿ, ನೋಡು, ಈ ಆಂಟೀನೇ ರೇಡಿಯೋ ಸರಿ ಮಾಡಿ ಎಲ್ಲರನ್ನೂ ಉಳಿಸಿದ್ದು!"

"ಅವಳ್ನ ಬುಟ್ಟೋಗ್ಲಿಲ್ವಾ?"

"ಇಲ್ಲಜ್ಜಿ, ಮೊದಲು ಹತ್ತಿದ್ದೇ ಅವಳು. ಬಿಟ್ಟೋದ್ರು ಅಂತ ಯಾರ್ ಹೇಳಿದ್ದು ನಿಂಗೆ?"

ಅವರು ನನ್ನ ಕಡೆ ತಿರುಗಲಿಲ್ಲ. "ನಿಮ್ಮಪ್ಪಂಗೆ ಆಗಿನ್ನೂ ಇಂಗ್ಲಿಷ್ ಅಷ್ಟಾಗಿ ಬರ್ತಿರ್ಲಿಲ್ಲ ಕಣೇ," ಅಂದರು.

ನಾನು ಪೆಡಲ್ಲನ್ನು ಸುಮ್ಮನೆ ಇನ್ನೊಂದು ಸುತ್ತು ತಿರುಗಿಸಿದೆ. ಅದಾದ ಮೇಲೂ ಅವರು ಬಹಳ ವರ್ಷ ನಮ್ಮಲ್ಲಿದ್ದರು. ಬೆಳಿಗ್ಗೆ ಎದುರೆದುರೇ ಕೂತು ಕಾಫಿ ಕುಡಿಯುತ್ತಿದ್ದೆವು. ನಾಳೆ ಹೇಳೋಣ ಅಂದುಕೊಂಡು ಅಂಗಡಿಗೆ ಹೋಗುತ್ತಿದ್ದೆ. ಹಾಗೇ ಹೋಗುತ್ತಾ ಹೋಗುತ್ತಾ, ಅವರೂ ಹೋದರು.

ಕೇಳುವವರಿಲ್ಲದಿದ್ದರೂ ಹೇಳುತ್ತೇನೆ. ಆ ಪುಸ್ತಕ ಓದುವಷ್ಟು ಇಂಗ್ಲಿಷ್ ನನಗೆ ಆಗಲೇ ಬರುತ್ತಿತ್ತು, ಚಿಕ್ಕಮ್ಮ.