ಕೊಸರಿನ ಕಲ್ಲು

ನನ್ನನ್ನು ನೋಡಿ ಯಾರೂ ಹೆದರುವುದಿಲ್ಲ. ಹುನಗುಂದದ ನಮ್ಮ ಹೈಸ್ಕೂಲಿನ ಎಂಟನೇ ಕ್ಲಾಸಿನವರಂತೂ ನಾನು ಬೋರ್ಡಿನ ಕಡೆ ತಿರುಗುವುದನ್ನೇ ಕಾಯುತ್ತಿರುತ್ತಾರೆ. ಅಂಥ ನನ್ನನ್ನು ಕಂಡು ಇಳಕಲ್ಲಿನ ಕಾಯಿಪಲ್ಲೆ ಮಾರ್ಕೆಟ್ಟಿನಲ್ಲಿ ಒಬ್ಬಾಕೆ ದಡಕ್ಕನೆ ಎದ್ದು ಕೈಮುಗಿದಳು.

"ಮೇಡಮ್ಮಾರ, ಇದೊಂದ ಸಲ ಬಿಟ್ಟಬಿಡ್ರಿ," ಅಂದಳು.

ನಾನು ಮಾಡಿದ್ದು ಇಷ್ಟೇ. ಆಕೆಯ ತಕ್ಕಡಿಯಲ್ಲಿದ್ದ ಕೆಂಪು ಕಲ್ಲನ್ನು ಎತ್ತಿ ಬಿಸಿಲಿಗೆ ಹಿಡಿದು ನೋಡಿದ್ದೆ.

ಯಾಕೆ ಎತ್ತಿದೆ ಎಂದು ಈ ಅಂಕಣದ ಹಳೆಯ ಓದುಗರು ಕೇಳುವುದಿಲ್ಲ. ಹೊಸಬರಿಗಾಗಿ ಹೇಳಿಬಿಡುತ್ತೇನೆ: ನನಗೆ ಕೆಂಪು ಹಕೀಕ್ ಕಲ್ಲು ಕೂಡಿಸುವ ಹುಚ್ಚು. ಉಂಗುರದಲ್ಲಿ, ಜಪಮಾಲೆಯಲ್ಲಿ ಇರುತ್ತದಲ್ಲ, ಬೆಳಕಿಗೆ ಹಿಡಿದರೆ ಒಳಗೆ ಪದರು ಪದರಾಗಿ ಗೆರೆ ಕಾಣುವ ಕಲ್ಲು, ಅದು. ನಮ್ಮ ಕಡೆ ಯಾರಾದರೂ ಎದುರಾದರೆ "ಏನ್ರಿ ಹಕೀಕತ್ತು?" ಎಂದು ಸಮಾಚಾರ ಕೇಳುತ್ತಾರೆ. "ಊರಿಗೆಲ್ಲ ಹಕೀಕತ್ತಿನ ಚಿಂತೆ, ನನ್ನ ಹೆಂಡತಿಗೆ ಹಕೀಕಿನ ಚಿಂತೆ" ಎನ್ನುವುದು ನಮ್ಮ ಮನೆಯವರ ಖಾಯಂ ಜೋಕು. (ಹತ್ತು ವರ್ಷದಿಂದ ಅದೇ ಜೋಕು. ನಾನೂ ಹತ್ತು ವರ್ಷದಿಂದ ನಗುತ್ತಿದ್ದೇನೆ. ಸಂಸಾರ ಅಂದರೆ ಮತ್ತೇನು?)

ಹುಚ್ಚು ಹಿಡಿಸಿದವರು ಬಾದಾಮಿಯ ಕಾಸೀಮಸಾಬರು. ಆಗ ಅವರು ಗುಹೆಗಳ ಕೆಳಗೆ ಬಿಸ್ಕೀಟಿನ ತಗಡಿನ ಡಬ್ಬಿ ಇಟ್ಟುಕೊಂಡು ಕೂತಿರುತ್ತಿದ್ದರು. ಡಬ್ಬಿಯಲ್ಲಿ ಕೈಯಾಡಿಸಿ, ಬೇಕಾದ ಕಲ್ಲು ಆರಿಸಿ, ಎರಡು ಕಪ್ ಚಹಾದ ದುಡ್ಡು ಕೊಟ್ಟು ಬರಬಹುದಿತ್ತು. ಆಮೇಲೆ ಟಿವಿಯಲ್ಲಿ ಬೆಳಗಿನ ಜ್ಯೋತಿಷಿಗಳು ಅವತರಿಸಿದರು. ಕೆಂಪು ಹಕೀಕ್ ತೊಟ್ಟರೆ ಪ್ರಮೋಷನ್ ಗ್ಯಾರಂಟಿ ಎಂದರು. ಮುಗಿಯಿತಲ್ಲ ಕತೆ? ಈಗ ಬಾಗಲಕೋಟೆಯ ನವನಗರದಲ್ಲಿ ಎ.ಸಿ. ಅಂಗಡಿಯೊಳಗೆ ಅದೇ ಕಲ್ಲು ಮಖಮಲ್ಲಿನ ಮೇಲೆ ಕೂತಿದೆ, ಪಕ್ಕದಲ್ಲಿ ಅದರ ಸರ್ಟಿಫಿಕೇಟು. ಅದರಲ್ಲಿ ಮುಕ್ಕಾಲು ಪಾಲು ಬಣ್ಣ ಕುಡಿಸಿದ ಮಾಲು ಎನ್ನುತ್ತಾರೆ ಕಾಸೀಮಸಾಬರು. ಮೊದಲು ಮಂದಿ ಕಲ್ಲು ನೋಡುತ್ತಿದ್ದರು, ಈಗ ಕಾಗದ ನೋಡುತ್ತಾರೆ ಎಂದು ಗೊಣಗುತ್ತಾರೆ. ಗೊಣಗುತ್ತಲೇ ಅವರೂ ಒಂದು ಗಾಜಿನ ಕಪಾಟು, ಒಂದು ಕರೆಂಟಿನ ತಕ್ಕಡಿ ತಂದಿಟ್ಟುಕೊಂಡಿದ್ದಾರೆ. ಅವರಲ್ಲಿಗೆ ಹೋದರೆ ನಾನೀಗ ಕಲ್ಲು ಕೊಳ್ಳುವುದಿಲ್ಲ, ನೋಡಿ ಬರುತ್ತೇನೆ.

ಅಂಥದ್ದರಲ್ಲಿ, ಇಳಕಲ್ಲಿನ ರಸ್ತೆ ಬದಿಯಲ್ಲಿ, ಬೆಳ್ಳುಳ್ಳಿ ರಾಶಿಯ ಪಕ್ಕದಲ್ಲಿ, ಅಂಗೈ ತುಂಬುವಂಥ ಅಸಲಿ ಕೆಂಪು ಹಕೀಕ್! ಬಣ್ಣ ಕುಡಿಸದ್ದು, ಯಾರೂ ಕೊಯ್ಯದ್ದು. ನೀಲವ್ವ (ಆಕೆಯ ಹೆಸರು ಅದು) ಅದನ್ನು ಪಾವ್ ಕಿಲೋ ತೂಕದ ಕಲ್ಲಾಗಿ ಬಳಸುತ್ತಿದ್ದಳು. ಒಂದು ಕಿಲೋ, ಅರ್ಧ ಕಿಲೋಕ್ಕೆ ಕಬ್ಬಿಣದವು, ಪಾವ್ ಕಿಲೋಕ್ಕೆ ಇದು.

ನಾನು ತೂಕ-ಅಳತೆ ಆಫೀಸಿನಿಂದ ಬಂದವಳು ಎಂದು ನೀಲವ್ವ ತಿಳಿದಿದ್ದಳು. ಹೌದು ಎಂದು ನಾನು ಹೇಳಲಿಲ್ಲ. ಖರೆ ಹೇಳಬೇಕೆಂದರೆ, ಅಲ್ಲ ಎಂದೂ ಹೇಳಲಿಲ್ಲ. ಎಂಟನೇ ಕ್ಲಾಸಿನಲ್ಲಿ ಎಂದೂ ಕೆಲಸ ಮಾಡದ ನನ್ನ ಸಿಟ್ಟಿನ ಮುಖವನ್ನು ಅಲ್ಲಿ ಹಾಕಿದೆ. ಹೀಗೆ ಕಂಡ ಕಲ್ಲಿನಲ್ಲಿ ತೂಗಬಾರದು, ಮುದ್ರೆ ಇರುವುದೇ ಬೇಕು, ಗೊತ್ತಿಲ್ಲವೇನು ಎಂದೆ. ಎದುರಿನ ಅಂಗಡಿಗೆ ಹೋಗಿ, ಮುದ್ರೆ ಬಿದ್ದ ಹೊಸ ಪಾವ್ ಕಿಲೋ ಕಬ್ಬಿಣದ ಕಲ್ಲು ತಂದು ಆಕೆಯ ತಕ್ಕಡಿಯಲ್ಲಿಟ್ಟೆ. ಕೆಂಪು ಕಲ್ಲು ನನ್ನ ವ್ಯಾನಿಟಿ ಬ್ಯಾಗಿಗೆ ಇಳಿಯಿತು. ಕಲ್ಲಿಗೆ ಕಲ್ಲು. ಮೋಸ ಎಲ್ಲಿದೆ? ಕಾನೂನು ಕಾಪಾಡಿದ ಹೆಮ್ಮೆ ಬೇರೆ. ನೀಲವ್ವ ಬದುಕಿದೆಯಾ ಬಡಜೀವವೇ ಎಂದು ನನಗೊಂದು ಕಟ್ಟು ಕೊತ್ತಂಬರಿ ಕೊಟ್ಟಳು. ತೆಗೆದುಕೊಂಡೆ. (ಅಧಿಕಾರಿಗಳು ಹಾಗೇ ಅಲ್ಲವೆ?)

ಮರುದಿನವೇ ರಜೆ ಹಾಕಿ ಬಾದಾಮಿ ಬಸ್ಸು ಹತ್ತಿದೆ. ಕಾಸೀಮಸಾಬರು ಕಲ್ಲನ್ನು ಕರೆಂಟಿನ ತಕ್ಕಡಿಯ ಮೇಲಿಟ್ಟರು. ಇನ್ನೂರ ಎಂಬತ್ತು ಗ್ರಾಂ! ಪಾವ್ ಕಿಲೋ ಎಂದುಕೊಂಡು ತಂದಿದ್ದೆ, ಮೂವತ್ತು ಗ್ರಾಂ ಮೇಲೆಯೇ ಇತ್ತು. ಸಂತೆಯಲ್ಲಿ ಕೊಸರು ಸಿಕ್ಕಷ್ಟು ಖುಷಿಯಾಯಿತು. ಎಲ್ಲಿ ಸಿಕ್ಕಿತು ಎಂದು ಅವರು ಕೇಳಿದರು. ಸಿಕ್ಕಿತು ಎಂದಷ್ಟೇ ಹೇಳಿದೆ. ಹೀಗೇ ಇಟ್ಟುಕೊಳ್ಳಿ, ಕೊಯ್ಯಿಸಬೇಡಿ ಎಂದರು.

ನಾನು ಯಾರ ಮಾತನ್ನು ಕೇಳಿದ್ದೇನೆ? ಇಳಕಲ್ಲಿನಲ್ಲಿ ಗ್ರಾನೈಟ್ ಕೊಯ್ಯುವವರಿಗೇನು ಬರವೆ? ಒಳಗಿನ ಗೆರೆ ನೋಡುವ ಆಸೆಗೆ ಎರಡು ಹೋಳು ಮಾಡಿಸಿದೆ. ಶೋಕೇಸಿನಲ್ಲಿ ನೆಟ್ಟಗೆ ನಿಲ್ಲಲಿ ಎಂದು ಬುಡ ಸಮ ಮಾಡಿಸಿದೆ. ಮೇಲೆ ಕನ್ನಡಿಯಂಥ ಪಾಲಿಶ್. ಅದನ್ನು ನೋಡಿ ನಮ್ಮ ಮನೆಯವರು ಕೂಡ ಒಂದು ದಿನ ಹಕೀಕತ್ತಿನ ಜೋಕು ಹೇಳಲಿಲ್ಲ.

ಇದೆಲ್ಲ ಮೂರು ತಿಂಗಳ ಹಿಂದಿನ ಮಾತು. ಮೊನ್ನೆ ಭಾನುವಾರ ಮತ್ತೆ ಆ ಮಾರ್ಕೆಟ್ಟಿಗೆ ಹೋದೆ. ಬೆಳ್ಳುಳ್ಳಿ ತರುವುದು ನೆಪ, ಬೇರೆ ಯಾರ ತಕ್ಕಡಿಯಲ್ಲಾದರೂ ಇನ್ನೊಂದು ಕೂತಿದೆಯೇ ಎಂದು ನೋಡುವ ದುರಾಸೆ.

ಅಕ್ಕಪಕ್ಕದವರ ಮುಂದೆ ಗದ್ದಲವೋ ಗದ್ದಲ. ನೀಲವ್ವನ ಮುಂದೆ ಒಬ್ಬಳೇ ಗಿರಾಕಿ, ಅವಳೂ ಜಗಳಕ್ಕೆ ನಿಂತವಳು. ಪಾವ್ ಕಿಲೋ ಬೆಳ್ಳುಳ್ಳಿ ತೊಗೊಂಡರೆ ಮೊದಲು ಕೈಚೀಲದ ಕುತ್ತಿಗೆಯವರೆಗೆ ಬರುತ್ತಿತ್ತಂತೆ, ಈಗ ಹೊಟ್ಟೆಯೂ ತುಂಬುವುದಿಲ್ಲವಂತೆ. "ಇಷ್ಟ ವರ್ಷ ಸರಿ ಇದ್ದಿ, ಈಗ ತೂಕದಾಗ ಹೊಡ್ಯಾಕ ಹತ್ತೀಯಲ್ಲ ನೀಲವ್ವ," ಎಂದು ಚೀಲ ಕೊಡವಿ, ಬೆಳ್ಳುಳ್ಳಿಯನ್ನು ರಾಶಿಗೇ ಸುರಿದು ಪಕ್ಕದವಳ ಹತ್ತಿರ ಹೋದಳು.

ನೀಲವ್ವ ನನ್ನ ಗುರುತು ಹಿಡಿದಳು. ಈ ಸಲ ಎದ್ದು ನಿಲ್ಲಲಿಲ್ಲ.

ನನಗೆ ನಾಚಿಕೆಯಾಯಿತು. ಅಲ್ಲೇ ಕುಕ್ಕರಗಾಲಲ್ಲಿ ಕೂತು, ನಾನು ಅಧಿಕಾರಿಯಲ್ಲ, ಸಾಲಿ ಕಲಿಸುವವಳು ಎಂದು ಒಪ್ಪಿಕೊಂಡೆ. ಆದರೆ ಮೇಷ್ಟರ ಬುದ್ಧಿ ಎಲ್ಲಿ ಹೋಗುತ್ತದೆ? ಜೊತೆಗೊಂದು ಪಾಠವನ್ನೂ ಸೇರಿಸಿದೆ. ನಿನ್ನ ಕಲ್ಲೇ ಮೂವತ್ತು ಗ್ರಾಂ ಹೆಚ್ಚು ತೂಗುತ್ತಿತ್ತು ನೀಲವ್ವ, ಇಷ್ಟು ವರ್ಷ ನಿನಗೇ ಲುಕ್ಸಾನು ಆಗಿದೆ ಎಂದು ತಿಳಿಸಿ ಹೇಳಿದೆ.

"ನನಗ ಗೊತ್ತಿದ್ದಿಲ್ಲೇನ್ರಿ ಅಕ್ಕಾರ?" ಅಂದಳು.

ಆಮೇಲೆ ಹೇಳಿದಳು. ಆ ಕಲ್ಲು ಆಕೆಯ ಅತ್ತೆ ಕೂಡಲಸಂಗಮಕ್ಕೆ ಹೋದಾಗ ಹೊಳೆಯಲ್ಲಿ ಆರಿಸಿ ತಂದದ್ದು. ಉಡಿ ತುಂಬ ಕಲ್ಲು ತಂದು, ಒಂದೊಂದನ್ನೇ ಕಬ್ಬಿಣದ ಪಾವ್ ಕಿಲೋ ಎದುರಿಗಿಟ್ಟು ತೂಗಿ, ಒಂದು ಹಿಡಿ ಬೆಳ್ಳುಳ್ಳಿಯಷ್ಟೇ ಹೆಚ್ಚು ತೂಗುವುದನ್ನು ಇಟ್ಟುಕೊಂಡು ಉಳಿದದ್ದನ್ನು ಚೆಲ್ಲಿದ್ದಳಂತೆ. ಯಾಕೆ? ಕೊಸರಿಗಾಗಿ. ತೂಕ ಮುಗಿದ ಮೇಲೆ ಇನ್ನೊಂದಿಷ್ಟು ಹಾಕು ಎಂದು ನಾವೆಲ್ಲ ಕೈಯೊಡ್ಡುತ್ತೇವಲ್ಲ, ಆ ಕೊಸರು. ಕೈಯಿಂದ ಕೊಟ್ಟರೆ ಯಾರಿಗೂ ಸಾಕಾಗುವುದಿಲ್ಲ. ಅವಳಿಗೆ ಹೆಚ್ಚು, ನನಗೆ ಕಡಿಮೆ ಎಂದು ಜಗಳ. ಅದಕ್ಕೇ ಅತ್ತೆ ಕೊಸರನ್ನು ಕಲ್ಲಿನೊಳಗೇ ಇಟ್ಟುಬಿಟ್ಟಿದ್ದಳು. ನೀಲವ್ವನ ಹತ್ತಿರ ಯಾರೂ ಕೊಸರು ಕೇಳುತ್ತಿರಲಿಲ್ಲ. ಕೇಳುವ ಮೊದಲೇ ಬಂದಿರುತ್ತಿತ್ತು.

ಮೂರು ತಿಂಗಳಿಂದ ನಾನು ಕೊಟ್ಟ ಮುದ್ರೆಯ ಕಲ್ಲಿನಲ್ಲಿ ಆಕೆ ಗ್ರಾಂ ತಪ್ಪದೆ ತೂಗಿದ್ದಾಳೆ. ಅದಕ್ಕೇ ಊರ ಕಣ್ಣಿಗೆ ಕಳ್ಳಿಯಾಗಿದ್ದಾಳೆ.

ಅದೇ ತೂಕದ ಬೇರೆ ಕಲ್ಲು ಹುಡುಕಿ ಕೊಡಲೇ ಎಂದು ಕೇಳಿದೆ. ನೀಲವ್ವ ಬೇಡವೆಂದು ತಲೆಯಾಡಿಸಿದಳು.

"ಹೊಸಾ ಕಲ್ಲ ಕಂಡ್ರ ಮಂದಿ ಹೊಸಾ ಮೋಸ ಅಂತಾರ್ರಿ. ಆ ಕೆಂಪು ಕಲ್ಲಿನ ಗುರುತ ಎಲ್ಲಾರಿಗೂ ಇತ್ತು. ನಿಮ್ಮ ಕಬ್ಬಣದ್ದು ನೀವು ಇಟ್ಕೋರಿ, ನನ್ನದು ನನಗ ಕೊಟ್ಟಬಿಡ್ರಿ."

ಮುಂದಿನ ಬಸ್ಸಿಗೆ ಮನೆಗೆ ಬಂದೆ. ಶೋಕೇಸಿನಿಂದ ಎರಡೂ ಹೋಳು ತೆಗೆದುಕೊಂಡು ಮತ್ತೆ ಇಳಕಲ್ಲಿಗೆ ಹೋದೆ. ನೀಲವ್ವ ಹೋಳುಗಳನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಒಳಗ ಇಷ್ಟ ಚಂದ ಇತ್ತೇನು ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಎರಡನ್ನೂ ಜೋಡಿಸಿ ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟಳು. ಇನ್ನೊಂದರಲ್ಲಿ ನನ್ನ ಕಬ್ಬಿಣದ ಕಲ್ಲು.

ಕಬ್ಬಿಣದ ತಟ್ಟೆ ಕೆಳಗೆ ಹೋಯಿತು.

ಗರಗಸ ತಿಂದದ್ದು, ಪಾಲಿಶ್ ತಿಂದದ್ದು, ಬುಡ ಸಮ ಮಾಡಿಸಿದ್ದು. ನಾನು ಯಾವುದನ್ನೂ ಲೆಕ್ಕ ಹಿಡಿದಿರಲಿಲ್ಲ.

"ಮೊದಲ ಇದರಾಗ ಕೊಸರು ಇತ್ರಿ. ನಿಮ್ಮ ಕೈಯಾಗ ಹೋಗಿ ಪಾವ್ ಕಿಲೋನೂ ಉಳೀಲಿಲ್ಲ ನೋಡ್ರಿ," ಅಂದಳು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಹೋಳುಗಳನ್ನು ಹಳೇ ಪೇಪರಿನಲ್ಲಿ ಸುತ್ತಿ ನನಗೇ ಕೊಟ್ಟಳು. ನನ್ನ ಪಾವ್ ಕಿಲೋ ಬೆಳ್ಳುಳ್ಳಿ ತೂಗಿ ಚೀಲಕ್ಕೆ ಹಾಕಿದಳು. ನಾನು ಕೇಳದಿದ್ದರೂ ಮೇಲೊಂದು ಹಿಡಿ ಹಾಕಿದಳು.

ಹೋಳುಗಳು ಈಗ ಶೋಕೇಸಿನಲ್ಲಿಲ್ಲ, ಬೀರುವಿನಲ್ಲಿ ಸೀರೆಗಳ ಕೆಳಗಿವೆ. ನೀಲವ್ವನ ಪಕ್ಕದವಳು ಕರೆಂಟಿನ ತಕ್ಕಡಿ ತಂದಿದ್ದಾಳೆ, ಕೆಂಪು ಅಂಕಿ ಮಿನುಗುತ್ತದೆ, ಗಿರಾಕಿಗಳು ಅದನ್ನೇ ಬಾಯಿಬಿಟ್ಟು ನೋಡುತ್ತಾರೆ. ಮಾರ್ಕೆಟ್ಟು ಬದಲಾಗುತ್ತಿದೆ, ಯಾರೇನು ಮಾಡಲಿಕ್ಕಾಗುತ್ತದೆ ಎಂದು ನಾನು ನಾಲ್ಕು ದಿನದಿಂದ ನನಗೇ ಸಮಾಧಾನ ಹೇಳಿಕೊಳ್ಳುತ್ತಿದ್ದೇನೆ.

ಒಬ್ಬರ ಅನ್ನಕ್ಕೆ ಕಲ್ಲು ಹಾಕಬಾರದು ಎಂದು ಹಿರಿಯರು ಹೇಳಿದ್ದಾರೆ; ಕಲ್ಲು ಎತ್ತಿಕೊಂಡು ಹೋಗುವವರಿಗೆ ಏನನ್ನಬೇಕೆಂದು ಹೇಳಿದ್ದಾರೆಯೆ?