ಬೆಂಕಿ ಮಿಸ್ತ್ರಿ ಮತ್ತು ಬೆಳ್ಳಿ ಬಣ್ಣ

ಮಿಸ್ತ್ರಿಯವರ ಬಲ ಅಂಗೈಯ ನಡುವೆ ಒಂದು ಬಿಳಿ ಕಲೆ ಇತ್ತು. ಅಲ್ಲಿ ರೇಖೆಗಳಿರಲಿಲ್ಲ; ನುಣ್ಣಗೆ, ಹಾಲಿನ ಕೆನೆ ಹೆಪ್ಪುಗಟ್ಟಿದ ಹಾಗೆ ಕಾಣುತ್ತಿತ್ತು. ಚಹದ ಬಸಿ ಹಿಡಿಯುವಾಗ ಆ ಭಾಗ ತಾಗದಂತೆ ಬೆರಳ ತುದಿಯಲ್ಲೇ ಹಿಡಿಯುತ್ತಿದ್ದರು. ಬೆಂಕಿ ಆರಿಸುವ ಕೆಲಸದವರಲ್ಲವೇ, ಬೆಂಕಿಯೇ ಸುಟ್ಟಿರಬೇಕು ಎಂದುಕೊಂಡಿದ್ದೆ. ಒಮ್ಮೆ ಕೇಳಿಯೂಬಿಟ್ಟೆ.

"ಬೆಂಕಿ ಅಲ್ರಿ ಅವ್ವಾರ, ಥಂಡಿ ಸುಟ್ಟಿದ್ದು," ಎಂದರು. "ಬೆಂಕಿ ಆರಸೋ ಗ್ಯಾಸಿನ ಸಿಲಿಂಡರ್ ಬಿಟ್ಟಾಗ ಅದರ ಬಾಯಿ ಬರ್ಫಿನ ಗಡ್ಡಿಕಿಂತ ತಣ್ಣಗ ಆಗ್ತದ್ರಿ. ಹೊಸದಾಗಿ ಕೆಲಸಕ್ಕ ಸೇರಿದ್ದೆ, ಹಿಡಿ ಬಿಟ್ಟು ಬಾಯಿನೇ ಹಿಡದೆ. ಕೈ ಅಲ್ಲೇ ಅಂಟ್ಕೊಂತು."

ನಾನು ಕಲಬುರಗಿಯ ಕಾನ್ವೆಂಟಿನಲ್ಲಿ ಓದಿ, ಎಂಬತ್ತರ ದಶಕದ ಮೊದಲಿಗೆ ಆಳಂದದ ಹತ್ತಿ ಗಿರಣಿಯ ಮನೆಗೆ ಸೊಸೆಯಾಗಿ ಬಂದವಳು. ಅತ್ತೆ ಇರಲಿಲ್ಲ. ಮಾವನವರು, ನನ್ನ ಯಜಮಾನರು, ಮದುವೆಯ ವಯಸ್ಸಿಗೆ ಬಂದ ನಾದಿನಿ, ಇಷ್ಟೇ ಜನ. ಮನೆಗೂ ಗಿರಣಿಗೂ ನಡುವೆ ಒಂದು ಅಂಗಳ. ಹತ್ತಿಯಿಂದ ಬೀಜ ಬಿಡಿಸುವ ಯಂತ್ರಗಳು ಚಳಿಗಾಲವಿಡೀ ಓಡುತ್ತಿದ್ದವು. ಬೇಸಿಗೆಗೆ ಗಿರಣಿ ಬಂದ್. ನಾನು ಬರುವ ಮೊದಲೇ ಹಳೆಯ ಶೆಡ್ಡು ಒಮ್ಮೆ ಸುಟ್ಟುಹೋಗಿತ್ತಂತೆ. ಹೊಸದನ್ನು ಕಟ್ಟಿಸುವಾಗ ಮಾವನವರು ಮುಂಬೈಯಿಂದ ಸ್ಪ್ರಿಂಕ್ಲರ್ ತರಿಸಿ ಹಾಕಿಸಿದರು. ಛಾವಣಿಯ ಕೆಳಗೆ ಉದ್ದುದ್ದ ನೀರಿನ ಕೊಳವೆಗಳು, ಅವುಗಳಿಗೆ ತಲೆಕೆಳಗಾಗಿ ಜೋತುಬಿದ್ದ ಎಪ್ಪತ್ತು ಹಿತ್ತಾಳೆ ಮೂತಿಗಳು. ಪ್ರತಿ ಮೂತಿಯಲ್ಲಿ ಕೆಂಪು ನೀರು ತುಂಬಿದ, ಕಿರುಬೆರಳಿಗಿಂತ ಚಿಕ್ಕದಾದ ಗಾಜಿನ ಗುಂಡು. ಕೆಳಗೆ ಬೆಂಕಿ ಬಿದ್ದರೆ ಶಾಖಕ್ಕೆ ಗುಂಡು ಒಡೆಯುತ್ತದೆ, ಅದು ಒತ್ತಿ ಹಿಡಿದಿದ್ದ ಮುಚ್ಚಳ ಬೀಳುತ್ತದೆ, ನೀರು ಸುರಿಯುತ್ತದೆ. ಅವನ್ನು ಕೂಡಿಸಲು ಬಂದ ಕಂಪನಿಯ ಜನರ ಜೊತೆ ಈ ಮಿಸ್ತ್ರಿಯೂ ಬಂದಿದ್ದರು. ಕಂಪನಿ ಹೋಯಿತು, ಇವರು ಉಳಿದರು. ಮನೆ ಜೇವರ್ಗಿಯಲ್ಲಿ. ಅಲ್ಲಿಯ ಟಾಕೀಸು, ಅಫಜಲಪುರದ ಒಂದು ಗಿರಣಿ, ಆಳಂದದಲ್ಲಿ ನಮ್ಮದು, ಹೀಗೆ ಕೆಂಪು ಬಸ್ಸಿನಲ್ಲಿ ಸುತ್ತುತ್ತಿದ್ದರು. ಬಗಲಲ್ಲಿ ಖಾಕಿ ಚೀಲ, ಅದರಲ್ಲಿ ಬೋಲ್ಟು ಬಿಚ್ಚುವ ಎರಡು ಪಾನಾ, ಒಂದು ತುಂಡು ಸೀಮೆಸುಣ್ಣ, ಹಳೆಯ ಬನಿಯನ್ನಿನ ಚಿಂದಿ.

ವರ್ಷಕ್ಕೆ ಎರಡು ಸಲ ಬರುತ್ತಿದ್ದರು: ಗಿರಣಿ ನಿಲ್ಲುವಾಗ ಒಮ್ಮೆ, ಶುರುವಾಗುವ ಮೊದಲು ಒಮ್ಮೆ. ಬಂದವರು ಮೊದಲು ಗೇಟಿನಲ್ಲೇ ನಿಂತು ಹಮಾಲರ ಬೀಡಿ, ಕಡ್ಡಿಪೆಟ್ಟಿಗೆಗಳನ್ನು ಒಂದು ಡಬ್ಬಿಯಲ್ಲಿ ಹಾಕಿಸಿಕೊಳ್ಳುತ್ತಿದ್ದರು. ಆಮೇಲೆ ಯಂತ್ರಗಳ ಕರೆಂಟಿನ ಕೋಣೆ. ಅಲ್ಲಿ ನೀರು ನಡೆಯದು, ಆದ್ದರಿಂದ ಮೂರು ಗ್ಯಾಸಿನ ಸಿಲಿಂಡರ್ ಇದ್ದವು. "ಬೆಂಕಿಗೂ ಉಸರ ಬೇಕ್ರಿ. ಇದು ಅದರ ಉಸರ ಕಟ್ಟಸ್ತದ. ಒಳಗ ನಿಂತ್ರ ನಮ್ದೂ ಕಟ್ಟಸ್ತದ," ಎಂದು ಹೇಳಿ ನಗುತ್ತಿದ್ದರು.

ಆ ಸಿಲಿಂಡರುಗಳಿಗೆ ಮುಳ್ಳಿನ ಮೀಟರು ಇರುವುದಿಲ್ಲ. ತುಂಬಿದ್ದೂ ಖಾಲಿಯೂ ಒಂದೇ ಥರ ಕಾಣುತ್ತವೆ. ತೂಗಿಯೇ ತಿಳಿಯಬೇಕು. ಮಿಸ್ತ್ರಿ ಅವನ್ನು ಉರುಳಿಸಿಕೊಂಡು ಹೋಗಿ ಹತ್ತಿ ತೂಗುವ ಕಾಟಾದ ಮೇಲೆ ನಿಲ್ಲಿಸುತ್ತಿದ್ದರು. ಇದು ಲೆಕ್ಕ ಬರೆಯುವ ನಮ್ಮ ಮುನೀಮರಿಗೆ ಆಗುತ್ತಿರಲಿಲ್ಲ.

"ಏ ಮಿಸ್ತ್ರಿ, ಲಕ್ಷ್ಮೀ ತೂಗೋ ಕಾಟಾದ ಮ್ಯಾಲ ಕಬ್ಬಿಣ ಏರಸ್ತೀಯಲ್ಲೋ! ಹೋದ ವರ್ಷ ತುಂಬಿಸಿದ್ದಿಯಲ್ಲ, ತುಂಬೇ ಇರ್ತದ ಬಿಡು."

"ತುಂಬ್ಯಾದ ಅನಬ್ಯಾಡ್ರಿ, ತೂಕ ಎಷ್ಟು ಹೇಳ್ರಿ. ಬೇಕಾದ್ರ ನೀವೂ ಏರ್ರಿ ಮುನೀಮಜೀ. ನಿಮ್ಮೊಳಗೂ ಎಷ್ಟು ಗ್ಯಾಸ್ ಅದ ನೋಡೂಣು."

ತೂಕವನ್ನು ಸೀಮೆಸುಣ್ಣದಿಂದ ಸಿಲಿಂಡರಿನ ಹೊಟ್ಟೆಯ ಮೇಲೆ ಬರೆಯುತ್ತಿದ್ದರು. ಕೊನೆಗೆ ಅಡಿಗೆಮನೆಯ ಬಾಗಿಲಿಗೆ ಬಂದು ಒಂದು ಪಾತ್ರೆ ಕುದಿಯುವ ನೀರು ಕೇಳುತ್ತಿದ್ದರು. ಕೊಳವೆಗಳ ಪಂಪು ಇದ್ದ ನೀರಿನ ಕೋಣೆಯ ತಗಡಿನ ಡಬ್ಬಿಯಲ್ಲಿ ಬದಲಿ ಮೂತಿಗಳಿರುತ್ತಿದ್ದವು. ಅದರಿಂದ ಒಂದನ್ನು ತೆಗೆದು ಬಿಸಿನೀರಿಗೆ ಬಿಡುವರು. ಟಪ್ ಎಂದು ಗುಂಡು ಒಡೆದು ಮುಚ್ಚಳ ಪಾತ್ರೆಯ ತಳಕ್ಕೆ ಬೀಳುವುದು. ಮೊದಲ ಸಲ ನನಗೆ ತೋರಿಸಿದಾಗ, "ನೋಡ್ರಿ, ಇದು ಬಾಯಿ ತೆಗೀತು. ಮ್ಯಾಲಿನ ಎಪ್ಪತ್ತೂ ಹಿಂಗ ಬಾಯಿ ತೆಗೀಬೇಕು," ಎಂದಿದ್ದರು.

ಎರಡನೆಯ ಬೇಸಿಗೆಯಲ್ಲಿ ನಾದಿನಿಯ ಮದುವೆ ಗೊತ್ತಾಯಿತು. ಗಂಡಿನವರು ಸೊಲ್ಲಾಪುರದವರು. ಊರಲ್ಲಿ ಅಷ್ಟು ಜನ ಕೂಡುವ ಛಾವಣಿ ಇದ್ದದ್ದು ನಮ್ಮ ಗಿರಣಿಯದೊಂದೇ. ಯಂತ್ರಗಳಿಗೆ ಪರದೆ ಬಿಟ್ಟು, ಉಳಿದ ಜಾಗದಲ್ಲಿ ಊಟದ ಪಂಕ್ತಿ ಹಾಕುವುದೆಂದಾಯಿತು. ಅದೇ ವಾರ ಮಿಸ್ತ್ರಿ ಬಂದರು. ಮಾವನವರೂ ಯಜಮಾನರೂ ಸೀರೆ ತರಲು ಸೊಲ್ಲಾಪುರಕ್ಕೆ ಹೋಗಿದ್ದರು. ನಾನು ಮಾಳಿಗೆಯ ಮೇಲೆ ಸಂಡಿಗೆ ಇಡುತ್ತಿದ್ದೆ. ಮಿಸ್ತ್ರಿ ಅಂಗಳದಲ್ಲಿ ನಿಂತು ಕತ್ತು ಮೇಲೆತ್ತಿ ಹೇಳಿದರು:

"ಅವ್ವಾರ, ಸುಣ್ಣ-ಬಣ್ಣ ಮಾಡಸ್ತೀರಂತ ಕೇಳ್ದೆ. ಮೂತಿಗೋಳಿಗಿ ಮಾತ್ರ ಬಣ್ಣ ತಾಕಬಾರ್ದ್ರಿ. ಒಂದೊಂದಕ್ಕೂ ಬಟ್ಟಿ ಕಟ್ಟಸ್ರಿ. ಸಾವ್ಕಾರ್ರಿಗೂ ಹೇಳ್ರಿ."

"ಆಯ್ತ್ರಿ," ಎಂದೆ. ಕೈಯಲ್ಲಿ ಹಿಟ್ಟಿತ್ತು. ಕಾಗೆ ಓಡಿಸುತ್ತಿದ್ದೆ. ಆ ಮಾತು ಹಿಟ್ಟಿನ ಕೈ ತೊಳೆಯುವಷ್ಟರಲ್ಲೇ ಮರೆತಿತ್ತು.

ಹದಿನೈದು ದಿನಗಳ ನಂತರ ಬಣ್ಣದವರು ಬಂದರು. ಗೋಡೆಗೆ ಸುಣ್ಣವಾಯಿತು. ಬೆಳ್ಳಗಾದ ಗೋಡೆಗಳ ನಡುವೆ ತುಕ್ಕು ಹಿಡಿದ ಕೊಳವೆ, ಹಸಿರುಗಟ್ಟಿದ ಹಿತ್ತಾಳೆ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಬೀಗರು ಊಟಕ್ಕೆ ಕೂತು ಮೇಲೆ ನೋಡಿದರೆ? ಬೆಳ್ಳಿ ಬಣ್ಣ ತರಿಸಿ ಕೊಳವೆಗಳಿಗೂ ಮೂತಿಗಳಿಗೂ ಹಚ್ಚಿಸಿದೆ. ಏಣಿಯ ಕೆಳಗೆ ನಿಂತು, ಬಿಟ್ಟುಹೋದ ಕಡೆ ಬೆರಳು ಮಾಡಿ ತೋರಿಸಿದೆ. ಮದುವೆಯ ದಿನ ಬೀಗಿತಿಯೊಬ್ಬರು, "ಮ್ಯಾಲ ಬೆಳ್ಳಿ ಹೂವಿನ ಮಗ್ಗಿ ತೂಗಬಿಟ್ಟಂಗ ಕಾಣ್ತಾವಲ್ರಿ," ಎಂದರು. ನನಗೆ ಸಂತೋಷವೇ ಆಯಿತು.

ದೀಪಾವಳಿಗೆ ಮುಂಚೆ ಮಿಸ್ತ್ರಿ ಮತ್ತೆ ಬಂದರು. ಆಗಲೇ ಸರಸಂಬಾ, ಮಟಕಿಯ ಹತ್ತಿ ಗಾಡಿಗಳು ಗೇಟಿನ ಹೊರಗೆ ಸಾಲುಗಟ್ಟಿದ್ದವು. ಒಳಗೆ ಕಾಲಿಟ್ಟವರು ಮೇಲೆ ನೋಡಿ, ತಲೆಯ ಟೋಪಿ ತೆಗೆದು, ಮತ್ತೆ ಹಾಕಿಕೊಂಡರು. ಏಣಿ ತರಿಸಿ ಒಂದು ಮೂತಿಯನ್ನು ಬಿಚ್ಚಿ ನೇರ ಮಾವನವರ ಕಚೇರಿಗೆ ಹೋದರು. ಕಚೇರಿಗೂ ನಮ್ಮ ನಡುಮನೆಗೂ ನಡುವೆ ಬರೀ ಒಂದು ಪರದೆ. ನಾನು ಚಹ ಹಿಡಿದು ಅದರ ಹಿಂದೆ ನಿಂತಿದ್ದೆ.

"ಸಾವ್ಕಾರ್ರ, ಎಲ್ಲಾ ಮೂತಿ ಸತ್ತಾವ್ರಿ."

"ಬಣ್ಣ ಹಚ್ಚಿದ್ರ ಸಾಯ್ತಾರೇನೋ? ಹಂಗಿದ್ರ ನಾಟಕದವ್ರು ಒಬ್ರೂ ಉಳೀತಿದ್ದಿಲ್ಲ."

"ಗುಂಡಿಗಿ ಶಾಖ ಜಲ್ದಿ ತಾಕಂಗಿಲ್ರಿ. ತಾಕಿದ್ರೂ ಮುಚ್ಚಳ ಬಣ್ಣದಾಗ ಅಂಟ್ಕೊಂಡದ. ಎಪ್ಪತ್ತೂ ಬದಲಿ ಮಾಡ್ಬೇಕ್ರಿ. ಮುಂಬೈದಿಂದ ಬರೂತನಾ ಗಿರಣಿ ಚಾಲೂ ಮಾಡಬ್ಯಾಡ್ರಿ."

"ಹೊರಗ ಗಾಡಿ ನಿಂತಾವ, ನಿನಗ ಕಾಣ್ವಲ್ದೇನು? ಸೋಮವಾರ ವಿಮಾದವ್ರು ನೋಡಾಕ ಬರ್ತಾರ. ನೀ ಈಗ ಎಲ್ಲಾ ಸರಿ ಅದ ಅಂತ ಕಾರ್ಡಿನ ಮ್ಯಾಲ ಸಹಿ ಹಾಕು. ಬದಲಿ ಆಮ್ಯಾಲ ಮಾಡೂಣು."

"ಸಹಿ ಹಾಕಾಕ ಆಗಂಗಿಲ್ರಿ. ಒಳಗ ಐವತ್ತು ಮಂದಿ ಹೆಣ್ಮಕ್ಕಳು ಹತ್ತಿ ಆರಸ್ತಾರ."

ಮಾವನವರ ದನಿ ಏರಿತು.

"ಮತ್ತ ಬಣ್ಣ ಹಚ್ಚಬಾರ್ದಂತ ಮೊದಲಽ ಹೇಳೂದು ಯಾರ ಕೆಲಸ? ಬ್ಯಾಸಗ್ಯಾಗ ಬಂದಿದ್ದಿಯಲ್ಲ, ಹೇಳೀದೇನು? ಯಾರಿಗಿ ಹೇಳೀದಿ?"

ಪರದೆ ನೆಲಕ್ಕೆ ಮುಟ್ಟುತ್ತಿರಲಿಲ್ಲ. ನನ್ನ ಕಾಲುಂಗುರ, ಸೀರೆಯ ಅಂಚು ಮಿಸ್ತ್ರಿಗೆ ಕಾಣುತ್ತಿದ್ದಿರಬೇಕು. ಅವರು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ.

"ಹೇಳಿದ್ದಿಲ್ರಿ, ಸಾವ್ಕಾರ್ರ. ಮರ್ತಿದ್ದೆ. ನಂದೇ ತಪ್ಪು."

"ಹಂಗಂದ್ರ ನಡಿ. ಹೇಳೂದು ಮರೀಯೋ ಮಿಸ್ತ್ರಿ ನನಗ ಬ್ಯಾಡ. ಸೊಲ್ಲಾಪುರದಿಂದ ಬ್ಯಾರೇದಂವ ಬರ್ತಾನ, ಸಹಿ ಹಾಕ್ತಾನ."

ಅವರು ಆ ಬೆಳ್ಳಿ ಮೂತಿಯನ್ನು ಮೇಜಿನ ಮೇಲೆ ಬಿಟ್ಟು ಹೊರಟರು. ನಾನು ಚಹವನ್ನು ವಾಪಸು ಒಯ್ದು ಮೋರಿಗೆ ಚೆಲ್ಲಿದೆ. ಎರಡು ದಿನಗಳಲ್ಲಿ ಮಾವನವರ ಮಾತು ಅಫಜಲಪುರದ ಗಿರಣಿಗೂ ಜೇವರ್ಗಿಯ ಟಾಕೀಸಿಗೂ ಮುಟ್ಟಿತು. ಎರಡೂ ಕಡೆ ಅವರನ್ನು ಬಿಡಿಸಿದರೆಂದು ಮುನೀಮರು ಊಟದ ಹೊತ್ತಿನಲ್ಲಿ ಹೇಳಿದರು. ಹೇಳಿ ಇನ್ನೊಂದು ರೊಟ್ಟಿ ಕೇಳಿದರು.

ಶನಿವಾರ ಮಧ್ಯಾಹ್ನ ಮಾವನವರು ಪಡಸಾಲೆಯಲ್ಲಿ ಅಡಕೊತ್ತಿನಿಂದ ಅಡಿಕೆ ಕತ್ತರಿಸುತ್ತ ಕೂತಿದ್ದರು. ನಾನು ಎರಡು ಸ್ಟೀಲಿನ ಪಾತ್ರೆಗಳಲ್ಲಿ ಕುದಿಯುವ ನೀರು ತಂದು ಅವರ ಮುಂದಿಟ್ಟೆ.

"ಇದೇನವಾ, ಏನ್ ಅಡಗಿ?"

"ಸ್ವಲ್ಪ ನೋಡ್ರಿ, ಮಾವಾರ."

ತಗಡಿನ ಡಬ್ಬಿಯಿಂದ ತಂದ ಹೊಸ ಮೂತಿಯನ್ನು ಒಂದರಲ್ಲಿ, ಮಿಸ್ತ್ರಿ ಬಿಟ್ಟುಹೋದ ಬೆಳ್ಳಿ ಮೂತಿಯನ್ನು ಇನ್ನೊಂದರಲ್ಲಿ ಬಿಟ್ಟೆ. ಹೊಸದು ಟಪ್ ಎಂದಿತು; ಮುಚ್ಚಳ ಪಾತ್ರೆಯ ತಳದಲ್ಲಿ ಠಣ್ ಎಂದು ಬಿತ್ತು. ಬೆಳ್ಳಿಯದು ಸುಮ್ಮನಿತ್ತು. ತುಸು ತಡೆದು ಅದರ ಗುಂಡೂ ಒಡೆಯಿತು, ಮುಚ್ಚಳ ಮಾತ್ರ ಬೀಳಲಿಲ್ಲ. ಮಾವನವರು ಅದನ್ನು ಅಡಕೊತ್ತಿನಿಂದ ಹೊರಗೆಳೆದು ಆರಲು ಬಿಟ್ಟರು. ಆಮೇಲೆ ಉಗುರು ಹಾಕಿ ಎಬ್ಬಿಸಿ ನೋಡಿದರು. ಏಳಲಿಲ್ಲ.

"ಯಾರ್ ಕಲಿಸಿದ್ರು ನಿನಗಿದು?"

"ಮಿಸ್ತ್ರಿಯವರು ಪ್ರತಿ ಸಲ ಹಿಂಗ ನೋಡ್ತಾರ್ರಿ."

ಉಳಿದದ್ದನ್ನೂ ಅಲ್ಲೇ ಹೇಳಬಹುದಿತ್ತು. ನಾನು ಪಾತ್ರೆಗಳನ್ನು ಎತ್ತಿಕೊಂಡು ಒಳಗೆ ಹೋದೆ. ಹೊರಗೆ ಮಾವನವರು ಮುನೀಮರನ್ನು ಕೂಗುತ್ತಿದ್ದರು: ಗಾಡಿಯ ಹತ್ತಿಯನ್ನೆಲ್ಲ ಗೋದಾಮಿಗೆ ಇಳಿಸಲಿ, ಸೊಲ್ಲಾಪುರದವನಿಗೆ ಬರಬೇಡವೆನ್ನಲಿ, ಜೇವರ್ಗಿಗೆ ಮನುಷ್ಯನನ್ನು ಕಳಿಸಲಿ. ಆ ವರ್ಷ ಗಿರಣಿ ತಡವಾಗಿ ಶುರುವಾಯಿತು. ಮಿಸ್ತ್ರಿ ಎಂಟು ದಿನ ಏಣಿಯ ಮೇಲೆಯೇ ಇದ್ದು ಎಪ್ಪತ್ತನ್ನೂ ಬದಲಿಸಿದರು, ಕಾರ್ಡಿನ ಮೇಲೆ ಸಹಿ ಹಾಕಿದರು. ನನ್ನೊಡನೆ ಆಡಿದ್ದು ಒಂದೇ ಮಾತು. "ಇವತ್ತ ಬಿಸಿನೀರ್ ಬ್ಯಾಡ್ರಿ ಅವ್ವಾರ. ನೀವೇ ಕಾಸಿ ನೋಡೀರಂತಲ್ಲ."

ಮೂರು ವರ್ಷಗಳ ನಂತರ ಹತ್ತಿಯಲ್ಲಿ ಬಂದ ಕಲ್ಲೊಂದು ಯಂತ್ರಕ್ಕೆ ಸಿಕ್ಕು ಕಿಡಿ ಹಾರಿತು. ಬೆಂಕಿಯ ಎಚ್ಚರಿಕೆ ಕೊಡುವ ಗೋಡೆಯ ಗಂಟೆ ಹೊಡೆದುಕೊಂಡಿತು. ಹೆಣ್ಣುಮಕ್ಕಳೆಲ್ಲ ಹೊರಗೋಡಿ ಬರುವಷ್ಟರಲ್ಲಿ ಎರಡು ಮೂತಿಗಳು ಬಾಯಿ ತೆರೆದು ನೀರು ಸುರಿಸಿ ಬೆಂಕಿ ಆರಿಸಿದ್ದವು. ಒಂದು ರಾಶಿ ಹತ್ತಿ ತೊಯ್ದದ್ದು ಬಿಟ್ಟರೆ ಏನೂ ಆಗಲಿಲ್ಲ. ಮಾವನವರು ಮಿಸ್ತ್ರಿಯನ್ನು ಕರೆಸಿ ಶಾಲು ಹೊದಿಸಿದರು. ಹೊದಿಸುವಾಗಲೂ ತಮ್ಮ ನಗೆಚಾಟಿಕೆ ಬಿಡಲಿಲ್ಲ. ಅದು ಆ ಮದುವೆಯ ವರ್ಷದಿಂದ ರೂಢಿಯಾಗಿಬಿಟ್ಟಿತ್ತು. ಮಿಸ್ತ್ರಿ ಬಂದು ಕಚೇರಿಯಲ್ಲಿ ಕೂತರೆ ಸಾಕು, ಮಾವನವರು ಕೇಳುತ್ತಿದ್ದರು:

"ಏನೋ ಮಿಸ್ತ್ರಿ, ಈ ಸಲ ಏನಾರ ಹೇಳೂದು ಮರ್ತೀ ಏನು?"

"ಇಲ್ರಿ ಸಾವ್ಕಾರ್ರ, ಈ ಸಲ ನೆನಪಿಗಿ ಗಂಟು ಹಾಕ್ಕೊಂಡು ಬಂದೀನಿ."

ಕೂತವರೆಲ್ಲ ನಗುತ್ತಿದ್ದರು. ಮಿಸ್ತ್ರಿಯೂ ನಗುತ್ತಿದ್ದರು. ನನ್ನ ಕೈಯಿಂದ ಚಹ ತೆಗೆದುಕೊಳ್ಳುವಾಗ ತಲೆ ಎತ್ತುತ್ತಿರಲಿಲ್ಲ. ಜೇವರ್ಗಿಯ ಟಾಕೀಸಿನವರು ವರ್ಷದೊಳಗೆ ಅವರನ್ನು ಮತ್ತೆ ಕರೆದರು. ಅಫಜಲಪುರದವರು ಕರೆಯಲೇ ಇಲ್ಲ.

ತೊಂಬತ್ತರ ದಶಕದ ಒಂದು ಬೇಸಿಗೆ ಅವರು ಬರಲಿಲ್ಲ. ಕಾಮಾಲೆಯಾಗಿ ತೀರಿಕೊಂಡು ತಿಂಗಳಾಗಿತ್ತು. ನಾನು ಯಜಮಾನರ ಜೊತೆ ಜೇವರ್ಗಿಗೆ ಹೋದೆ. ಯಜಮಾನರು ಹೊರಗೆ ಗಂಡಸರ ಜೊತೆ ಕೂತರು. ಒಳಗೆ ಅವರ ಹೆಂಡತಿ ನನಗೆ ಚಾಪೆ ಹಾಸಿದರು. ಕಪಾಟಿನಲ್ಲಿ ಆ ಶಾಲು ಮಡಿಕೆ ಬಿಚ್ಚದೆ ಇತ್ತು. ಅವರ ಮಾತಿಗೆ ಕಾಯದೆ ನಾನೇ ಹೇಳಿದೆ: ಬಣ್ಣ ಹಚ್ಚಿಸಿದ್ದು ನಾನು, ಬೇಡವೆಂದು ಅವರು ನನಗೆ ಹೇಳಿದ್ದರು.

"ನನಗ ಗೊತ್ತಿತ್ರಿ," ಎಂದರು.

"ಅವರು ಹೇಳಿದ್ರೇನ್ರಿ?"

"ಅವರ ಬಾಯಾಗಿಂದ ಯಾವಾಗ ಏನ್ ಬಂದಿತ್ತು! ಸಾವ್ಕಾರ್ ಮನಿ ಸೊಸಿ ಮಿಸ್ತ್ರಿ ಮನಿ ತನಕಾ ಸುಮ್ಮನ ಬರ್ತಾಳೇನ್ರಿ? ಹೊರಗ ಗಾಡಿ ನಿಂತಾಗಽ ತಿಳೀತು." ಚಹದ ಬಸಿಯನ್ನು ನನ್ನ ಕಡೆ ಸರಿಸಿದರು. "ನನಗ ಹೇಳಿ ಏನ್ ಬಂತು. ಹೇಳಬೇಕಾದವ್ರಿಗಿ ಹೇಳ್ರಿ."

ಅದೇ ಸಂಜೆ ಮಾವನವರಿಗೆ ಹೇಳಿದೆ. ಅಷ್ಟೊತ್ತಿಗೆ ಅವರಿಗೆ ಕಣ್ಣು ಮಂಜಾಗಿತ್ತು. ಸಂಡಿಗೆ, ಮಾಳಿಗೆ, ಅಂಗಳದಿಂದ ಮಿಸ್ತ್ರಿ ಹೇಳಿದ ಮಾತು, ಪರದೆ, ಒಂದನ್ನೂ ಬಿಡಲಿಲ್ಲ. ಪೂರ್ತಿ ಕೇಳಿದರು. ಬಹಳ ಹೊತ್ತು ಅಡಕೊತ್ತನ್ನು ತೆರೆಯುತ್ತ ಮುಚ್ಚುತ್ತ ಕೂತರು.

"ವರ್ಷಾ ಬಂದಾಗೊಮ್ಮೆ ಅವನ್ನ ಕಾಡಸ್ತಿದ್ದೆ ನಾ," ಎಂದರು. "ನಾಕು ಮಂದೀ ಮುಂದ."

ಅಡಕೊತ್ತನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಆವಾಗ ನೀ ಚಾ ಹಿಡಕೊಂಡು ಅಲ್ಲೇ ನಿಂತಿರ್ತಿದ್ದಿ."

"ಹೌದ್ರಿ, ಮಾವಾರ," ಎಂದೆ.