ನೀಲವ್ವನ ಕಂದೀಲು ಉರಿಯುತ್ತಿತ್ತು

ಕಂದೀಲು ಉರಿಯುತ್ತಿತ್ತು. ಫಕೀರಪ್ಪನ ಸೈಕಲ್ಲಿನ ಹಿಂದೆ ಕಟ್ಟಿದ್ದ ಆ ಕೆಂಪು ಗಾಜಿನ ಪುಟ್ಟ ಕಂದೀಲು, ಸೈಕಲ್ಲು ರಸ್ತೆಯ ಬದಿಗೆ ಬಿದ್ದ ಮೇಲೂ ಉರಿಯುತ್ತಲೇ ಇತ್ತು. ಅದನ್ನು ಊದಿ ಆರಿಸಿದವನು ನಾನು. ಅದರ ಎಣ್ಣೆಯನ್ನು ತಗ್ಗಿನ ನೀರಿಗೆ ಸುರಿದವನೂ ನಾನೇ. ಆಮೇಲೆ ಒಂಬತ್ತು ವರ್ಷ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದು — ಅದರಲ್ಲಿ ಎಣ್ಣೆಯೇ ಇರಲಿಲ್ಲ ಎಂದು.

ನಾನು ಹಾನಗಲ್ಲಿನವನು, ಲಾರಿ ಡ್ರೈವರು. ಮುಲ್ಕಿ ಪರೀಕ್ಷೆ ಪಾಸಾಗಿ ಮಾಸ್ತರನಾಗದೆ ಸ್ಟೇರಿಂಗ್ ಹಿಡಿದ ಜಾಣ ಎಂದು ನಮ್ಮ ಸಾಹುಕಾರರು ಚೇಷ್ಟೆ ಮಾಡುತ್ತಿದ್ದರು. ಶೇಂಗಾ ಚೀಲ ಹೇರಿಕೊಂಡು ಶಿಗ್ಗಾಂವಿ, ಸವಣೂರು ದಾಟಿ ಯಲವಿಗಿ ಸ್ಟೇಶನ್ನಿಗೆ ಮುಟ್ಟಿಸುವುದು ನನ್ನ ಕೆಲಸ. ಸವಣೂರಿನ ಫಕೀರಪ್ಪನೂ ಅದೇ ರಸ್ತೆಯವನು. ವೀಳ್ಯದೆಲೆಯ ಬುಟ್ಟಿಗಳನ್ನು ಸೈಕಲ್ಲಿಗೆ ಬಿಗಿದುಕೊಂಡು ಸಂಜೆಯ ರೈಲಿಗೆ ಹಾಕಲು ಹೊರಡುತ್ತಿದ್ದ. ಅವನ ಹೆಂಡತಿ ನೀಲವ್ವ ದಿನಾ ಕಂದೀಲಿನ ಗಾಜನ್ನು ಬೂದಿಯಿಂದ ತಿಕ್ಕಿ, ಎಣ್ಣೆ ತುಂಬಿ, ತಾನೇ ಹಚ್ಚಿ ಸೈಕಲ್ಲಿನ ಹಿಂದೆ ಕಟ್ಟಿ ಕಳಿಸುವಳು. ಬಿಸಿಲಿರುವಾಗಲೇ ದೀಪ ಹಚ್ಚಿಕೊಂಡು ಹೊರಟವನನ್ನು ಕಂಡು ನಾವು ಡ್ರೈವರುಗಳು ನಗುತ್ತಿದ್ದೆವು.

"ಫಕೀರಪ್ಪಾ, ಸೂರ್ಯ ಇನ್ನೂ ಮುಳುಗಿಲ್ಲೋ ಮಾರಾಯಾ!"

"ಇದು ನನಗಲ್ಲೋ. ನಿಮಗ ಕಾಣ್ಲಿ ಅಂತ ಹಚ್ಯಾಳ ಆಕಿ," ಎನ್ನುತ್ತಿದ್ದ.

ರಾಜ್ಯ ಒಂದಾದ ಮರುವರ್ಷದ ದಸರೆ. ಹಿಂದಿನ ದಿನ ಲಾರಿಗೆ ಖಂಡೇಪೂಜೆ, ಅಂದರೆ ಆಯುಧಪೂಜೆ, ಮಾಡಿದ್ದೆ. ಲಾರಿಯ ಮುಂಗಾಜಿನ ತುಂಬ ಮೂರು ಬೆರಳಿನ ವಿಭೂತಿ ಪಟ್ಟೆ, ಅದರ ಮೇಲೆ ಇಳಿಬಿದ್ದ ಚೆಂಡುಹೂವಿನ ಮಾಲೆ — ತೋಳುಗಾತ್ರದ್ದು — ಎರಡೂ ಬದಿಗೆ ಬಾಳೆಕಂಬ. ಬನ್ನಿ ಮುಡಿಯುವ ತನಕ ಪೂಜೆಯನ್ನು ಕದಡಬಾರದೆಂಬುದು ನಮ್ಮ ಮನೆತನದ ಪದ್ಧತಿ. ಬನ್ನಿಯ ದಿನ ಮಧ್ಯಾಹ್ನ, ಮಾಲು ಇವತ್ತೇ ಯಲವಿಗಿ ಮುಟ್ಟಬೇಕೆಂದು ಸಾಹುಕಾರರು ಹೇಳಿಕಳಿಸಿದರು. ಕ್ಲೀನರು ಹಬ್ಬಕ್ಕೆಂದು ತನ್ನೂರಿಗೆ ಹೋಗಿದ್ದ. ಒಬ್ಬನೇ ಹೊರಟೆ.

"ಮಾಲಿ ಸರಿಸಿ ಹೋಗೋ. ದಾರಿ ಹೆಂಗ ಕಾಣ್ತೈತಿ ನಿನಗ?" ಎಂದರು ಸಾಹುಕಾರರು.

"ದೇವರ ಹೂವು, ನಾ ಮುಟ್ಟಂಗಿಲ್ರಿ," ಎಂದೆ. ದೊಡ್ಡ ಭಕ್ತ ನಾನು!

ಸವಣೂರು ದಾಟುವಾಗ ಹೊತ್ತು ಮುಳುಗಿತ್ತು. ಮಾಲೆಯ ಕೆಳಗಿನ ಗೇಣಗಲದ ಸಂದಿಯಲ್ಲಿ ಬಗ್ಗಿ ನೋಡುತ್ತ ಹೊರಟಿದ್ದೆ. ಆ ಸಂದಿಯಲ್ಲಿ ಕೆಂಪು ಬೆಳಕು ಕಂಡದ್ದು — ಕಂಡಿತು, ಕಾಣಲಿಲ್ಲ ಎಂದು ಹೇಳಲಾರೆ — ಆದರೆ ಮಾರು ದೂರದಲ್ಲಿ ಕಂಡಿತು. ಬ್ರೇಕು ತುಳಿದೆ. ಲಾರಿ ನಿಲ್ಲುವುದರೊಳಗೆ ಬುಟ್ಟಿಗಳು ಹಾರಿ, ರಸ್ತೆಯ ತುಂಬ ಎಲೆ ಚೆಲ್ಲಿತ್ತು.

ಮೊದಲು ಅವನನ್ನು ಎತ್ತಬೇಕಿತ್ತು. ನಾನು ಮೊದಲು ಮಾಲೆಯನ್ನು ಕಿತ್ತೆ. ಒಬ್ಬನ ಜೀವಕ್ಕಾಗಿ ಗೇಣು ಸರಿಸಲೊಲ್ಲದ ದೇವರ ಹೂವನ್ನು ನನ್ನ ಲೈಸನ್ಸಿಗಾಗಿ ಕಿತ್ತು ಹೊಲಕ್ಕೆಸೆದೆ. ಟವೆಲ್ಲಿನಿಂದ ವಿಭೂತಿ ಒರೆಸಿದೆ. ಆಮೇಲೆ ಕಂದೀಲಿನ ಕಡೆ ತಿರುಗಿದೆ. ಗಾಜು ಬಿಸಿಯಿತ್ತು, ಬೆರಳು ಸುಟ್ಟಿತು. ಫಕೀರಪ್ಪ ಎಚ್ಚರ ತಪ್ಪಿ ಬಿದ್ದಿದ್ದ — ಇಷ್ಟೆಲ್ಲ ನಡೆಯುವಾಗ ಎರಡೇ ಹೆಜ್ಜೆ ಆಚೆ.

ಹೊಲದಿಂದ ಜನ ಓಡಿಬಂದರು. ನಾನೇ ಅವನನ್ನು ಲಾರಿಯಲ್ಲಿ ಹಾಕಿಕೊಂಡು ಸವಣೂರು ದವಾಖಾನೆಗೆ ಒಯ್ದೆ. ಜೀವ ಉಳಿಯಿತು, ಬಲಗಾಲು ಗಿಡ್ಡವಾಯಿತು. ವಿಚಾರಣೆಗೆ ಬಂದ ಹವಾಲ್ದಾರರು ಕಂದೀಲನ್ನು ತಲೆಕೆಳಗೆ ಮಾಡಿದರು. ಒಂದು ಹನಿಯೂ ಬೀಳಲಿಲ್ಲ. ತಪ್ಪು ಸೈಕಲ್ಲಿನವನದೇ ಎಂದಾಯಿತು. ಮೇಲಾಗಿ, ಬಿಟ್ಟು ಓಡದೆ ಹೊತ್ತು ತಂದ ಪುಣ್ಯಾತ್ಮ ಎಂಬ ಹೆಸರು ನನಗೆ.

ಸೈಕಲ್ ಹೊಡೆಯುವವನಿಗೆ ತನ್ನ ಹಿಂದಿನ ದೀಪ ಎಂದೂ ಕಾಣುವುದಿಲ್ಲ. ಉರಿಯುತ್ತಿದೆ ಎಂಬ ನಂಬಿಕೆಯ ಮೇಲೆ ತುಳಿಯುತ್ತಾನೆ ಅಷ್ಟೆ. ಅದು ಕಾಣುವುದು ಹಿಂದೆ ಬರುವವನಿಗೆ, ಸಾಕ್ಷಿ ಹೇಳಬೇಕಾದವನೂ ಅವನೇ. ಹಾಗಾಗಿ ಫಕೀರಪ್ಪನಿಗೂ ಅನುಮಾನ ಹೊಕ್ಕಿತು. ಅವನ ತಾಯಿ ಕಲ್ಲವ್ವನಿಗಂತೂ ಅನುಮಾನವೇ ಇರಲಿಲ್ಲ. "ಹಬ್ಬದ ಗದ್ದಲದಾಗ ಎಣ್ಣಿ ಹಾಕೂದು ಮರತ್ಲು. ನನ್ನ ಮಗನ ಕಾಲು ತಿಂದ್ಲು," ಎಂದು ಬಾವಿಕಟ್ಟೆಯಲ್ಲಿ, ಕಟ್ಟೆಯ ಮೇಲೆ, ಬಂದವರ ಮುಂದೆ, ಹೋದವರ ಮುಂದೆ... ನಾನು ಲೈಸನ್ಸು ಉಳಿಸಿಕೊಳ್ಳಲು ಆಡಿದ ಸುಳ್ಳು ಹೋಗಿ ಕುಳಿತದ್ದು ಆ ಹೆಣ್ಣುಮಗಳ ತಲೆಯ ಮೇಲೆ. ನನಗದು ಗೊತ್ತಿತ್ತು. ಮೊದಲ ವರ್ಷದಿಂದಲೇ ಗೊತ್ತಿತ್ತು.

ಯಾಕೆಂದರೆ ಪ್ರತಿ ವರ್ಷ ಬನ್ನಿ ಕೊಡುವ ನೆಪದಲ್ಲಿ ಅವರ ಮನೆಗೆ ಹೋಗುತ್ತಿದ್ದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡಂತೆ, ಎಲ್ಲಾದರೂ ಗುಟ್ಟು ಹೊರಬಿದ್ದಿದೆಯೋ ಎಂದು ನೋಡಿ ಬರುವುದು.

ಒಂಬತ್ತನೆಯ ವರ್ಷವೂ ಹೋದೆ. ಫಕೀರಪ್ಪ ಪಡಸಾಲೆಯಲ್ಲಿ ಕೋಲು ಮಗ್ಗುಲಲ್ಲಿಟ್ಟುಕೊಂಡು ಎಲೆಯ ಕಟ್ಟು ಕಟ್ಟುತ್ತಿದ್ದ. ದೀಪ ಹಚ್ಚುವ ಹೊತ್ತು. ನೀಲವ್ವ ಕಂದೀಲು ಹಚ್ಚಿ ಬಾಗಿಲಿಗೆ ತೂಗುಹಾಕಿದಳು. ಒಳಗೆ ಹೋದವಳು ತಿರುಗಿ ಬಂದು ಅದನ್ನಿಳಿಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಎಣ್ಣೆಯ ಸಪ್ಪಳ ಕೇಳಿ, ಮತ್ತೆ ತೂಗುಹಾಕಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಬಂದಳು. ಮತ್ತೆ ಇಳಿಸಿದಳು. ನಾನು ನೋಡುತ್ತಿರುವುದು ಕಂಡು ನಾಚಿ ನಕ್ಕಳು.

"ನನ್ನ ಕೈ ಮ್ಯಾಲ ನನಗ ನಂಬಿಗಿ ಇಲ್ರಿ ಅಣ್ಣಾರ. ಆವತ್ತ ಎಣ್ಣಿ ಹಾಕಿದ್ದು ನನ್ನ ಕಣ್ಣಾಗ ಕಟ್ಟಿದಂಗ ಐತಿ. ಆದ್ರ ಎಲ್ಲಾರೂ ಹಾಕಿಲ್ಲಂತಾರಲ್ಲ... ಮರತಿರಬೇಕು. ನನ್ನಿಂದ ನಿಮಗೂ ತ್ರಾಸಾತು, ತಪ್ಪಾತ್ರಿ."

ಅವಳು ನನಗೆ ಕೈಮುಗಿದಳು. ನನಗೆ!

ಒಂಬತ್ತು ವರ್ಷ ಗಂಟಲಲ್ಲೇ ಇದ್ದದ್ದು ಹೇಗೆ ಹೊರಬಂತೋ ತಿಳಿಯದು. "ಕಂದೀಲು ಉರಿಯಾಕತ್ತಿತ್ತು ತಂಗಿ. ನಾನ ಆರಿಸಿದೆ. ಎಣ್ಣಿ ನಾನ ಚೆಲ್ಲಿದೆ."

ಅವಳು ಅಳುತ್ತಾಳೆ, ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಇಷ್ಟೇ — "ಎಣ್ಣಿ ಇತ್ತೇನ್ರಿ?"

"ಭರ್ತಿ ಇತ್ತು."

"ಹಂಗಾರ ನಾ ಹಾಕಿದ್ದೆ," ಎಂದಳು. "ನಾ ಹಾಕಿದ್ದೆ!" ಹೊಸ್ತಿಲ ಮೇಲೆ ಕುಸಿದು ಕುಳಿತು ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಆಮೇಲೆ ಎದ್ದು ನನ್ನ ರಟ್ಟೆ ಹಿಡಿದು ಒಳಮನೆಗೆ ಎಳೆದೊಯ್ದಳು. "ಅತ್ತಿ ಮುಂದ ಹೇಳ್ರಿ. ಕಿವಿ ಮಂದ ಅದಾವ. ಜೋರ ಹೇಳ್ರಿ."

ಹೇಳಿದೆ. ಮುದುಕಿಗೆ ಕೇಳಿಸಲಿಲ್ಲ. "ಏನಂತಾನ?" ಎಂದಳು. ಇನ್ನೂ ಜೋರಾಗಿ ಹೇಳಿದೆ. "ಆಂ?" ಎಂದಳು. ಮೂರನೆಯ ಸಲ ನಾನು ಚೀರಿದ್ದಕ್ಕೆ ಓಣಿಯ ಜನ ಬಾಗಿಲಿಗೆ ಬಂದು ನಿಂತರು. "ಸೊಸಿ ಎಣ್ಣಿ ಹಾಕಿದ್ದಳವ್ವೋ! ಚೆಲ್ಲಿದಾವ ನಾನು!" ಗುಟ್ಟಾಗಿ ಮಾಡಿದ ಪಾಪವನ್ನು ಹೀಗೆ ಕೂಗಿ ಕೂಗಿ ಹೇಳಬೇಕಾಯಿತು. ಒಂದೊಂದು ಸಲ ಕೂಗಿದಾಗಲೂ ಎದೆಯ ಮೇಲಿನ ಒಂದೊಂದು ಚೀಲ ಇಳಿದಂತಾಯಿತು — ಸುಳ್ಳೇಕೆ ಹೇಳಲಿ, ಹಗುರಾಯಿತು. ಕಲ್ಲವ್ವ ನನ್ನನ್ನು ನೋಡಲಿಲ್ಲ. ಸೊಸೆಯನ್ನೇ ಬಹಳ ಹೊತ್ತು ನೋಡಿ, "ಬಾರವ್ವಾ ಇಲ್ಲಿ," ಎಂದು ಮಗ್ಗುಲಿಗೆ ಕರೆದಳು.

ಫಕೀರಪ್ಪ ನಾನು ಕೊಟ್ಟ ಬನ್ನಿ ಎಲೆಯನ್ನು ತಿರುಗಿ ನನ್ನ ಕೈಯಲ್ಲಿಟ್ಟ. "ಕಾಲು ಹೋಗ್ಲಿ. ಒಂಬತ್ತು ವರ್ಷ ನಾ ಆಕೀ ಮಾತು ನಂಬಲಿಲ್ಲಲ್ಲೋ... ನಿನ್ನ ಬನ್ನಿ ನಿನ್ನ ಹಂತ್ಯಾಕ ಇರ್ಲಿ," ಎಂದ. ಅವನು ಮತ್ತೆ ನನ್ನೊಡನೆ ಮಾತಾಡಿಲ್ಲ, ಆಡಲೆಂದು ನಾನೂ ಕೇಳಿಲ್ಲ. ಮರುದಿನ ಸಾಹುಕಾರರಿಗೆ ಹೇಳಿದೆ. ಅವರು ಲಾರಿಯ ಕೀಲಿ ಇಸಿದುಕೊಂಡರು, ಅದೂ ಸರಿಯೇ. ಈಗ ನಾನೂ ಸೈಕಲ್ಲಿನ ಮೇಲೇ ತಿರುಗುತ್ತೇನೆ. ಹಿಂದಿನ ದೀಪ ಉರಿಯುತ್ತಿದೆಯೋ ಇಲ್ಲವೋ ನನಗೂ ಕಾಣುವುದಿಲ್ಲ. ಹಿಂದೆ ಬರುವವನು ನನ್ನಂಥವನಾಗದಿರಲಿ ಎಂದುಕೊಂಡು ತುಳಿಯುತ್ತೇನೆ.

ಆವತ್ತು ಅವರ ಮನೆಯಿಂದ ಹೊರಬಿದ್ದು ಓಣಿಯ ತಿರುವಿನಲ್ಲಿ ನಿಂತು ನೋಡಿದ್ದೆ. ಗಾಳಿ ಬೀಸಿ ಬಾಗಿಲಿನ ಕಂದೀಲು ಆರಿತು. ನೀಲವ್ವ ಬಂದಳು, ಕಡ್ಡಿ ಗೀರಿ ಹಚ್ಚಿದಳು, ತೂಗುಹಾಕಿ ಒಳಗೆ ಹೋದಳು. ನಾನು ಕಾದೆ, ಬಹಳ ಹೊತ್ತು ಕಾದೆ. ಅವಳು ತಿರುಗಿ ಬಂದು ನೋಡಲಿಲ್ಲ.